ಮುರಕಲ್ಲಿನ ತಡೆಗೋಡೆ, 24 ಮೆಟ್ಟಿಲು, 12 ವೋಲ್ಟ್ ದೀಪ: ನಾಲ್ಕು ಮಳೆಗಾಲ ಬಳಸಿದ ಮೇಲೆ

ಪುತ್ತೂರು ತಾಲ್ಲೂಕಿನಲ್ಲಿರುವ ನಮ್ಮ ಮನೆ ರಸ್ತೆಗಿಂತ ಸುಮಾರು 14 ಅಡಿ ಎತ್ತರದಲ್ಲಿದೆ. ಅಂಗಳದ ಬರೆ ಜರಿಯದಂತೆ ಮುರಕಲ್ಲಿನ ತಡೆಗೋಡೆ ಕಟ್ಟಿಸಿ, ಅದಕ್ಕೆ ತಾಗಿದಂತೆ 24 ಮೆಟ್ಟಿಲು ಇಳಿಸಿದ್ದೇವೆ. ಸಂಜೆ ಗೇಟು ಹಾಕಲು ಇಳಿಯುವ ಅಮ್ಮನಿಗೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೊಡೆ. ಪಕ್ಕದ ಕಂಬಿ ಹಿಡಿಯಲು ಕೈಯೇ ಉಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಪಾಚಿಯ ಭಯವಾದರೆ ಉಳಿದ ದಿನಗಳಲ್ಲಿ ತರಗೆಲೆಯ ನಡುವೆ ಕೊಳಕುಮಂಡಲ ಮಲಗಿರಬಹುದೆಂಬ ಭಯ. ಮೊದಲು ಗೋಡೆಗೆ 230 ವೋಲ್ಟಿನ ಒಂದು ಬಲ್ಬು ಇತ್ತು. ಒಂದು ಜುಲೈಯಲ್ಲಿ ಒದ್ದೆ ಗೋಡೆಗೆ ಕೈ ಊರಿದ ನನಗೆ ಷಾಕ್ ಹೊಡೆದ ಮೇಲೆ ಅದನ್ನು ತೆಗೆಸಿ, 2020ರ ಡಿಸೆಂಬರಿನಲ್ಲಿ 12 ವೋಲ್ಟಿನ ಎಲ್‌ಇಡಿ ದೀಪಗಳನ್ನು ಹಾಕಿಸಿದೆ. ಒಂದೇ ಮಾಲು ಹಲವು ಹೆಸರಿನ ಡಬ್ಬಿಗಳಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರು ಬರೆಯುವುದರಲ್ಲಿ ಅರ್ಥವಿಲ್ಲ.

ಒಂದು ಬಿಟ್ಟು ಒಂದು ಮೆಟ್ಟಿಲಿಗೆ 1.5 ವ್ಯಾಟಿನಂತೆ 12 ದೀಪಗಳು, ತಡೆಗೋಡೆಯ ತಲೆಗಲ್ಲಿನ ಅಡಿಯಲ್ಲಿ 3 ವ್ಯಾಟಿನ 5 ದೀಪಗಳು, ಒಟ್ಟು 33 ವ್ಯಾಟ್. ಇವೆಲ್ಲಕ್ಕೂ ಸೇರಿ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿಕೊಡುವ, 60 ವ್ಯಾಟಿನ ಒಂದು ಡ್ರೈವರ್. ಸಂಜೆ ಆರೂವರೆಯಿಂದ ಐದು ಗಂಟೆ ಉರಿದರೆ, ಡ್ರೈವರಿನಲ್ಲಿ ಪೋಲಾಗುವುದನ್ನು ಸೇರಿಸಿದರೂ ತಿಂಗಳಿಗೆ ಆರು ಯೂನಿಟ್ ದಾಟುವುದಿಲ್ಲ. ಕರೆಂಟು ಬಿಲ್ಲಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ದೀಪ ಉರಿಸಿದ ಮೊದಲ ರಾತ್ರಿಯೇ ಒಂದು ಕೊರತೆ ಕಂಡಿತು. ಮೇಲಿನ ಮೆಟ್ಟಿಲುಗಳು ಚೆನ್ನಾಗಿ ಬೆಳಗುತ್ತಿದ್ದರೆ ಗೇಟಿನ ಬಳಿಯವು ಎಣ್ಣೆ ತೀರಿದ ಹಣತೆಯಂತಿದ್ದವು. ದೀಪವೇ ಕಳಪೆಯೆಂದುಕೊಂಡು ಎರಡನ್ನು ಬದಲಾಯಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ಡ್ರೈವರಿನ ಬಾಯಲ್ಲಿ 12 ವೋಲ್ಟ್ ಇದ್ದದ್ದು, 28 ಮೀಟರ್ ದಾಟಿ ಕೊನೆಯ ದೀಪ ತಲುಪುವಾಗ 10.2ಕ್ಕೆ ಇಳಿದಿತ್ತು. ವಯರ್‌ಮ್ಯಾನ್ ಮನೆಯೊಳಗಿನ ಲೆಕ್ಕದಲ್ಲಿ 0.75 ಚದರ ಮಿಲಿಮೀಟರಿನ ವಯರು ಎಳೆದಿದ್ದರು. ಅಷ್ಟೇ ವ್ಯಾಟಿಗೆ 230 ವೋಲ್ಟಿನಲ್ಲಿ ಹರಿಯುವ ಕರೆಂಟಿಗಿಂತ 12 ವೋಲ್ಟಿನಲ್ಲಿ ಹರಿಯುವುದು ಸುಮಾರು 19 ಪಟ್ಟು ಹೆಚ್ಚು. ಜೊತೆಗೆ 230ರಲ್ಲಿ ಎರಡು ವೋಲ್ಟ್ ಕಳೆದರೆ ಯಾರಿಗೂ ತಿಳಿಯುವುದಿಲ್ಲ, 12ರಲ್ಲಿ ಕಳೆದರೆ ಕಣ್ಣಿಗೇ ಕಾಣುತ್ತದೆ. 2.5 ಚದರ ಮಿಲಿಮೀಟರಿನ ತಾಮ್ರದ ವಯರು ಎಳೆಸಿದ ಮೇಲೆ ಕೊನೆಯಲ್ಲೂ 11.4 ವೋಲ್ಟ್ ಸಿಕ್ಕಿ, ಮೇಲಿನ ದೀಪಕ್ಕೂ ಕೆಳಗಿನದಕ್ಕೂ ವ್ಯತ್ಯಾಸ ತಿಳಿಯದಂತಾಯಿತು. ಮೊದಲೇ 24 ವೋಲ್ಟಿನ ದೀಪ ಆರಿಸಿದ್ದರೆ ಕರೆಂಟು ಅರ್ಧಕ್ಕಿಳಿದು, ಶೇಕಡಾವಾರು ನಷ್ಟ ಕಾಲು ಭಾಗಕ್ಕೆ ಬರುತ್ತಿತ್ತು. ಇಷ್ಟು ಉದ್ದದ ಗೋಡೆ ಇರುವವರಿಗೆ ನಾನು ಈಗ ಅದನ್ನೇ ಹೇಳುತ್ತೇನೆ.

2021ರ ಮಳೆಗಾಲ ಇನ್ನೊಂದು ಪಾಠ ಕಲಿಸಿತು. ದೀಪಗಳ ಮೇಲೆ ಐಪಿ67 ಎಂದು ಅಚ್ಚಾಗಿದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗಬಾರದೆಂಬುದು ಅದರ ಅರ್ಥ. ಆದರೆ ಆ ಅಂಕಿ ದೀಪಕ್ಕೆ ಮಾತ್ರ ಅನ್ವಯಿಸುತ್ತದೆ, ದೀಪದಿಂದ ಹೊರಬಂದ ಗೇಣುದ್ದದ ವಯರನ್ನು ನಾವು ಜೋಡಿಸುವ ಜಾಯಿಂಟಿಗೆ ಅಲ್ಲ. ಆಗಸ್ಟಿನಲ್ಲಿ ಏಳನೆಯ ದೀಪ ಮಿಣುಕತೊಡಗಿತು. ಕಪ್ಪು ಟೇಪು ಬಿಚ್ಚಿದಾಗ ಒಳಗಿನಿಂದ ಹನಿ ನೀರು ಇಳಿಯಿತು. ಪಾಸಿಟಿವ್ ವಯರಿನ ತಾಮ್ರ ಹಸಿರು ಹಿಟ್ಟಾಗಿ ಬೆರಳಿಗೆ ಅಂಟಿತು, ಅದರ ಪಕ್ಕದ ನೆಗೆಟಿವ್ ವಯರು ಮಾತ್ರ ಹೊಸದರಂತೆ ಕೆಂಪಾಗಿಯೇ ಇತ್ತು. ಒದ್ದೆಯಲ್ಲಿ ಡಿಸಿ ಕರೆಂಟು ಸೋರುವಾಗ ಕರಗುವುದು ಪಾಸಿಟಿವ್ ಬದಿಯ ಲೋಹ. ಅಲ್ಲದೆ ರಾತ್ರಿ ಬಿಸಿಯಾದ ದೀಪ ಆರಿದ ಮೇಲೆ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ವಯರಿನ ಎಳೆಗಳ ಸಂದಿಯಿಂದ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಮುರಕಲ್ಲಂತೂ ನೀರು ಕುಡಿದು ವಾರಗಟ್ಟಲೆ ಒಣಗದ ಕಲ್ಲು. ಆ ಅಕ್ಟೋಬರಿನಲ್ಲಿ 17 ಜಾಯಿಂಟುಗಳನ್ನೂ ಬಿಚ್ಚಿಸಿ, ಬೆಸುಗೆ ಹಾಕಿಸಿ, ಒಳಮೈಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಟ್ಯೂಬು ಏರಿಸಿದೆವು. ಅಲ್ಲಿಂದೀಚೆಗೆ ಒಂದು ಜಾಯಿಂಟೂ ಕೆಟ್ಟಿಲ್ಲ.

ದೀಪಕ್ಕಿಂತ ಗೋಡೆಗೆ ಸಂಬಂಧಿಸಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಗೋಡೆಯ ಹಿಂದಿನ ಮಣ್ಣಿನಲ್ಲಿ ಸೇರಿದ ನೀರು ಹೊರಬರಲೆಂದು ಬಿಟ್ಟಿರುವ ತೂತುಗಳನ್ನು ಮೇಸ್ತ್ರಿಗಳು ವೀಪ್ ಹೋಲ್ ಎನ್ನುತ್ತಾರೆ. ಕಲ್ಲು ಕೊರೆಯುವ ಶ್ರಮ ತಪ್ಪಲೆಂದು ವಯರ್‌ಮ್ಯಾನ್ ಮೂರು ಕಡೆ ವಯರಿನ ಪೈಪನ್ನು ಅವುಗಳ ಮೂಲಕವೇ ತೂರಿಸಿ, ಸುತ್ತ ಸಿಮೆಂಟು ಮೆತ್ತಿದ್ದರು. ಎರಡನೆಯ ಮಳೆಗಾಲದಲ್ಲಿ ಆ ಭಾಗದ ಕಲ್ಲಿನ ಸಂದುಗಳಿಂದ ಕೆಂಪು ನೀರು ಒಸರತೊಡಗಿತು. ನೆನೆದ ಮಣ್ಣಿನ ಭಾರದ ಮೇಲೆ ನೀರಿನ ಒತ್ತಡವೂ ಸೇರಿದರೆ ಗೋಡೆ ಉಬ್ಬಿ ಕುಸಿಯುವುದನ್ನು ನಮ್ಮ ಜಿಲ್ಲೆಯವರು ಪ್ರತಿ ವರ್ಷ ನೋಡುತ್ತಾರೆ. ಮಳೆ ಬಿಟ್ಟ ದಿನವೇ ಸಿಮೆಂಟು ಒಡೆಸಿ, ಪೈಪುಗಳನ್ನು ತಲೆಗಲ್ಲಿನ ಅಡಿಯಿಂದ ಗೋಡೆಯ ಹೊರಮೈಗೆ ತಂದೆವು. ನೋಡಲು ಅಷ್ಟು ಚೆಂದವಿಲ್ಲ, ಆದರೆ ನೀರು ತನ್ನ ದಾರಿಯಲ್ಲಿ ಹೋಗುತ್ತಿದೆ.

ಡ್ರೈವರು ಎರಡು ಸಲ ಹೋಯಿತು. 2022ರ ಏಪ್ರಿಲಿನ ಗುಡುಗುಮಳೆಯಲ್ಲಿ ಮೊದಲನೆಯದು ಸುಟ್ಟಾಗ, ಎರಡು ವರ್ಷದ ವಾರಂಟಿ ಇನ್ನೂ ಬಾಕಿಯಿದ್ದರೂ, ಸಿಡಿಲಿಗೆ ವಾರಂಟಿ ಅನ್ವಯಿಸದೆಂದು ಮಾರಿದವರು ಕೈ ತೊಳೆದುಕೊಂಡರು. ಮುಂದಿನ ಮೇ ತಿಂಗಳಲ್ಲಿ ಎರಡನೆಯದೂ ಅದೇ ರೀತಿ ಹೋಯಿತು. ಬಳಿಕ ಅದರ ಮುಂದೆ ವೋಲ್ಟೇಜು ದಿಢೀರನೆ ಏರಿದಾಗ ತಡೆಯುವ ಸರ್ಜ್ ಪ್ರೊಟೆಕ್ಟರ್ ಮತ್ತು ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಡ್ರೈವರನ್ನು ಗೋಡೆಯಿಂದ ತೆಗೆದು ಜಗಲಿಯ ಮಾಡಿನ ಅಡಿಗೆ ಸಾಗಿಸಿದೆವು. ಅಗ್ಗದ ಡ್ರೈವರುಗಳಲ್ಲಿ 230 ವೋಲ್ಟಿನ ಬದಿಯನ್ನೂ 12 ವೋಲ್ಟಿನ ಬದಿಯನ್ನೂ ಬೇರ್ಪಡಿಸದವು ಇವೆ. ಅಂಥದ್ದನ್ನು ಹಾಕಿದರೆ ಕಡಿಮೆ ವೋಲ್ಟಿನ ಸುರಕ್ಷತೆಯೇ ಇಲ್ಲವಾಗುವುದರಿಂದ ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಬೇಕು.

ಬೆಳಕಿನ ಬಗ್ಗೆ ನನಗೆ ದೂರಿಲ್ಲ. 3000 ಕೆಲ್ವಿನ್‌ನ ಹಳದಿ ಛಾಯೆ ಕೆಂಪು ಕಲ್ಲಿಗೆ ಒಪ್ಪುತ್ತದೆ. ಮೆಟ್ಟಿಲ ದೀಪಕ್ಕೆ ಕೆಳಮುಖದ ರೆಪ್ಪೆ ಇರುವುದರಿಂದ ಹತ್ತಿ ಬರುವವರ ಕಣ್ಣಿಗೆ ಚುಚ್ಚದೆ, ಬೆಳಕು ಮುಂದಿನ ಹೆಜ್ಜೆಯ ಮೇಲೆ ಬೀಳುತ್ತದೆ. ಮೊದಲ ಮಳೆಯ ಸಂಜೆ ರೆಕ್ಕೆ ಮೂಡಿದ ಗೆದ್ದಲು ಮುತ್ತುವುದು, ಆ ರೆಪ್ಪೆಯ ಸಂದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದು ಮಾಮೂಲು. ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಜೂನ್ ಹತ್ತಿರವಾಗುವಾಗ ತೋಟದಲ್ಲಿ ಮಿಂಚುಹುಳಗಳು ಕಾಣಿಸಿಕೊಂಡ ರಾತ್ರಿ ನಾವೇ ಸ್ವಿಚ್ಚು ಆರಿಸುತ್ತೇವೆ.

ಪಾಚಿಗೆಂದು ಮೆಟ್ಟಿಲ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ರೂಢಿ ನಮ್ಮಲ್ಲೂ ಇದೆ. ಮೂರನೆಯ ವರ್ಷಕ್ಕೆ ಕೆಳಗಿನ ನಾಲ್ಕು ದೀಪಗಳ ಅಲ್ಯೂಮಿನಿಯಂ ಮುಖದ ಮೇಲೆ ಬಿಳಿ ಬೂಷ್ಟಿನಂಥ ಗುಳ್ಳೆಗಳೆದ್ದು, ಒಂದರ ಸ್ಕ್ರೂ ಕಿತ್ತು ಬಂತು. ಆ ನಾಲ್ಕಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಮುಖದವನ್ನು ಹಾಕಿಸಿದ್ದೇವೆ, ಈಗ ಪಾಚಿಯನ್ನು ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಬರೇ ನೀರಿನಲ್ಲೇ ಉಜ್ಜುತ್ತೇವೆ. ಉಳಿದ 13 ದೀಪಗಳು 2020ರವೇ. ಅವುಗಳಲ್ಲಿ ಗೋಡೆಯ ಮೂರನೆಯದು ಸ್ವಲ್ಪ ಮಂಕಾಗಿದ್ದು, ದೀಪಾವಳಿಗೆ ಮುಂಚೆ ಅದನ್ನು ಬದಲಾಯಿಸಬೇಕಿದೆ. ಅಮ್ಮ ಈಗ ಟಾರ್ಚನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿ, ಕಂಬಿ ಹಿಡಿದು ಇಳಿಯುತ್ತಾರೆ.