ವೆಂಚರ್ ಕ್ಯಾಪಿಟಲ್: ವೆಬ್ ಸ್ಟಾರ್ಟಪ್‌ಗೆ ಹೊಂದುವ ಸೇವೆಯೇ?

ವೆಂಚರ್ ಕ್ಯಾಪಿಟಲ್ ಎಂದರೆ ಹೊಸ ಕಂಪನಿಯಲ್ಲಿ ಪಾಲು ಪಡೆದು ಹೂಡಿಕೆ ಫಂಡ್‌ಗಳು ಕೊಡುವ ಹಣ. ತಿಂಗಳ ಚಂದಾದಿಂದ ನಡೆಯುವ ಸಾಫ್ಟ್‌ವೇರ್ ಕಟ್ಟುವವರಿಗೆ ಈ ಸೇವೆ ಬಹುಮಟ್ಟಿಗೆ ಬೇಕಿಲ್ಲ. ಸರ್ವರ್ ಬಾಡಿಗೆಗೆ ಸಿಗುತ್ತದೆ, ಒಳ್ಳೆಯ ಡೇಟಾಬೇಸ್ ಪುಕ್ಕಟೆ ಸಿಗುತ್ತದೆ. ದೊಡ್ಡ ಖರ್ಚೆಂದರೆ ಸಂಬಳ. 2001ರಲ್ಲಿ ಶುರುವಾದ ಇಮೇಲ್ ಮಾರ್ಕೆಟಿಂಗ್ ಕಂಪನಿ ಮೇಲ್‌ಚಿಂಪ್ ವೆಂಚರ್ ಹಣ ಮುಟ್ಟದೆಯೇ ಬೆಳೆದು, 2021ರಲ್ಲಿ ಸುಮಾರು 1,200 ಕೋಟಿ ಡಾಲರ್‌ಗೆ ಇಂಟ್ಯೂಟ್ ಎಂಬ ಸಾಫ್ಟ್‌ವೇರ್ ಕಂಪನಿಯ ಪಾಲಾಯಿತು. ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣವಾದ ಗಿಟ್‌ಹಬ್ 2008ರಿಂದ ಗ್ರಾಹಕರ ಹಣದಲ್ಲೇ ನಡೆದು, 2012ರಲ್ಲಷ್ಟೇ 10 ಕೋಟಿ ಡಾಲರ್ ವೆಂಚರ್ ಹಣ ಪಡೆಯಿತು. ಹೀಗೆ ಸ್ವಂತ ಕಾಲ ಮೇಲೆ ನಿಂತ ಮೇಲೆಯೇ ಹೂಡಿಕೆದಾರರೊಂದಿಗೆ ಚೌಕಾಸಿಗೆ ಸರಿಯಾದ ಹೊತ್ತು.

ಈ ಹಣ ಪಡೆಯುವುದೇ ಆದರೆ ಟರ್ಮ್ ಶೀಟ್‌ನಲ್ಲಿ (ಹೂಡಿಕೆಯ ಷರತ್ತುಗಳ ಪಟ್ಟಿ) ಮೊದಲು ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಓದಿ; ಕಂಪನಿ ಮಾರಾಟವಾದಾಗ ಹೂಡಿಕೆದಾರರಿಗೆ ಮೊದಲು ಎಷ್ಟು ಹಣ ಎಂದು ಹೇಳುವ ಷರತ್ತು ಅದು. 20% ಪಾಲಿಗೆ 50 ಲಕ್ಷ ಡಾಲರ್ ಬಂತೆನ್ನಿ. ಮುಂದೆ ಕಂಪನಿ 60 ಲಕ್ಷಕ್ಕೆ ಮಾರಾಟವಾದರೆ, ಹಾಕಿದಷ್ಟೇ ಹಣ ಮೊದಲು ವಾಪಸ್ ಎನ್ನುವ ‘ಒಂದು ಪಟ್ಟು’ ಷರತ್ತಿನಲ್ಲೂ ಹೂಡಿಕೆದಾರರು ಮೊದಲು 50 ಲಕ್ಷ ಎತ್ತಿಕೊಳ್ಳುತ್ತಾರೆ. ಉಳಿದವರಿಗೆಲ್ಲ ಸೇರಿ 10 ಲಕ್ಷ. ಷರತ್ತು ‘ಪಾರ್ಟಿಸಿಪೇಟಿಂಗ್’ ಆಗಿದ್ದರೆ, ಅಂದರೆ ಉಳಿದ ಹಣದಲ್ಲೂ ಹೂಡಿಕೆದಾರರಿಗೆ ತಮ್ಮ 20% ಪಾಲು ಸಿಗುವುದಾದರೆ, ಅದರಲ್ಲೂ 2 ಲಕ್ಷ ಹೋಗುತ್ತದೆ. ಇದಕ್ಕೆ ಮಾತ್ರ ಒಪ್ಪಲೇಬೇಡಿ.

ಹೂಡಿಕೆಯ ಪ್ರತಿ ಸುತ್ತಿನಲ್ಲೂ 20% ಪಾಲು ಬಿಡುತ್ತಾ ಹೋದರೆ ಮೂರನೇ ಸುತ್ತಿನ ಹೊತ್ತಿಗೆ ಸ್ಥಾಪಕರ ಕೈಲಿ 51.2%, ನೌಕರರ ಷೇರು ತೆಗೆದಿಟ್ಟರೆ ಇನ್ನೂ ಕಡಿಮೆ. ಹಣ ಹೂಡುವ ಫಂಡ್‌ನ ಆಯಸ್ಸು ಸಾಮಾನ್ಯವಾಗಿ 10 ವರ್ಷ, ಹಾಗಾಗಿ ಕಂಪನಿ ಮಾರುವ ಒತ್ತಡ ಬಂದೇ ಬರುತ್ತದೆ.

ಮಾರುವವರು, ಕೊಳ್ಳುವವರು ಇಬ್ಬರನ್ನೂ ಒಟ್ಟಿಗೆ ಸೇರಿಸಬೇಕಾದ ಮಾರ್ಕೆಟ್‌ಪ್ಲೇಸ್‌ಗಳ ಲೆಕ್ಕ ಬೇರೆ. ಅಲ್ಲಿ ಆದಾಯಕ್ಕೆ ಮೊದಲೇ ಖರ್ಚು ಬೀಳುತ್ತದೆ. ಅಲ್ಲಿ ವೆಂಚರ್ ಹಣ ನಿಜಕ್ಕೂ ಕೆಲಸಕ್ಕೆ ಬರುತ್ತದೆ.