ಮೊಲದ ಸೀರಮ್ಮೋ, ಹೈಬ್ರಿಡೋಮಾನೋ?

ಎಸ್‌ವಿ40 ಅನ್ನೋ ಗೆಡ್ಡೆ ವೈರಸ್ಸಿನ ಟಿ ಆಂಟಿಜನ್ ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಪಡೆಯೋಕೆ ಎರಡನ್ನೂ ಬಳಸಿದ್ದೇನೆ. ಹಾಸನದಂಥ ಊರಿನ ಸಣ್ಣ ಲ್ಯಾಬಿಗೆ ಯಾವುದು ವಾಸಿ?

ಮೊಲದ ದಾರಿ ಸಲೀಸು. ಪ್ರೋಟೀನ್ ಚುಚ್ಚಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿ, ಎರಡು-ಮೂರು ತಿಂಗಳಲ್ಲಿ ರಕ್ತ ತೆಗೆದು ಪ್ರತಿಕಾಯಗಳಿರುವ ತಿಳಿ ಭಾಗವನ್ನು, ಅಂದರೆ ಸೀರಮ್ಮನ್ನು, ಬೇರ್ಪಡಿಸಿದರೆ ಆಯಿತು. ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಬ್ಯಾಂಡ್ ದಪ್ಪಗೆ ಬರುತ್ತದೆ. ಬೇಡದ ಬ್ಯಾಂಡ್‌ಗಳೂ ಜೊತೆಗೇ ಬರುತ್ತವೆ. ಆ ಮೊಲ ಸತ್ತರೆ ಮುಗೀತು, ಇನ್ನೊಂದು ಮೊಲದ ಸೀರಮ್ಮಿನ ಗುಣವೇ ಬೇರೆ.

ಹೈಬ್ರಿಡೋಮಾ, ಅಂದರೆ ಪ್ರತಿಕಾಯ ಮಾಡುತ್ತಾ ಬೆಳೆಯುತ್ತಲೇ ಇರುವ ಬೆಸೆದ ಕೋಶ, 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದ ದಾರಿ. ಇಲಿಯ ಗುಲ್ಮದ ಕೋಶಗಳನ್ನು ಮೈಲೋಮಾ ಎಂಬ ಕ್ಯಾನ್ಸರ್ ಕೋಶಗಳ ಜೊತೆ ಬೆಸೆಯಬೇಕು. ಬೆಸೆದ ಕೋಶಗಳನ್ನಷ್ಟೇ ಉಳಿಸುವ ಹ್ಯಾಟ್ ಮೀಡಿಯಂನಲ್ಲಿ ಬೆಸೆಯದ ಮೈಲೋಮಾ ಸಾಯುತ್ತದೆ, ಗುಲ್ಮದ ಕೋಶ ತಾನಾಗೇ ಸಾಯುತ್ತದೆ. ವಾರ ಕಳೆದು 96 ವೆಲ್ ಪ್ಲೇಟನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ, ಸತ್ತ ಕೋಶಗಳ ಕಸದ ನಡುವೆ ದುಂಡಗೆ ಹೊಳೆಯುವ ಗುಂಪುಗಳು ಕಾಣುತ್ತವೆ. ಆಮೇಲೆ ಎಲೈಸಾ (ಬೇಕಾದ ಪ್ರತಿಕಾಯ ಯಾವ ಗುಂಪು ಮಾಡುತ್ತಿದೆ ಅಂತ ನೋಡುವ ಪರೀಕ್ಷೆ), ಕ್ಲೋನಿಂಗ್ (ಒಂದೇ ಕೋಶದಿಂದ ಅದರ ಸಂತಾನ ಬೆಳೆಸೋದು), ಮತ್ತೆ ಕ್ಲೋನಿಂಗ್. ಚೆನ್ನಾಗಿದ್ದ ಕೋಶ ಪ್ರತಿಕಾಯ ಮಾಡೋದನ್ನೇ ನಿಲ್ಲಿಸೋದೂ ಉಂಟು. ಕರೆಂಟ್ ಕೈಕೊಡುವ ಮುಂಚೆ ಫ್ರೀಜ್ ಮಾಡಿಬಿಡಿ. ದ್ರವ ಸಾರಜನಕ ಇಲ್ಲಿಗೇನೂ ಹೊಸದಲ್ಲ, ಹೋರಿ ವೀರ್ಯದ ಕಡ್ಡಿ ಇಡೋದೂ ಅದರಲ್ಲೇ ಅಲ್ವಾ!

ಇಷ್ಟೆಲ್ಲ ಯಾಕೆ? ಟಿ ಆಂಟಿಜನ್ನಿನ ಎರಡು ರೂಪಗಳಾದ ದೊಡ್ಡ ಟಿ, ಸಣ್ಣ ಟಿ ಎರಡಕ್ಕೂ ಮೊದಲ 82 ಅಮೈನೋ ಆಮ್ಲಗಳು ಒಂದೇ. ಪಿಎಬಿ419 ಎಂಬ ಹೈಬ್ರಿಡೋಮಾ ಪ್ರತಿಕಾಯ ಅಲ್ಲಿ ಅಂಟುತ್ತದೆ, ಹಾಗಾಗಿ ಎರಡನ್ನೂ ಹಿಡಿಯುತ್ತದೆ. ಪಿಎಬಿ101 ಎಂಬ ಇನ್ನೊಂದು ಪ್ರತಿಕಾಯ ಬಾಲದ ಕಡೆ ಅಂಟುವುದರಿಂದ ದೊಡ್ಡ ಟಿ ಮಾತ್ರ ಸಿಗುತ್ತದೆ. ಮೊಲದ ಸೀರಮ್ಮಿನಿಂದ ಇಷ್ಟು ಸಲೀಸಾಗಿ ಬೇರ್ಪಡಿಸೋಕೆ ಆಗೋದಿಲ್ಲ. ಟಿ ಜೊತೆ ಅಂಟಿಕೊಂಡು ಬರುವ ಕೋಶದ ಪ್ರೋಟೀನ್ ಪಿ53 ಕೂಡ 1979ರಲ್ಲಿ ಸಿಕ್ಕಿದ್ದು ಹೀಗೆ ಪ್ರತಿಕಾಯದಿಂದ ಟಿಯನ್ನು ಎಳೆದಾಗಲೇ. ಆಗ ಬಳಸಿದ್ದು ಸೀರಮ್. ಅದಕ್ಕೇ ಮೊಲವನ್ನು ನಾನು ಹಗುರಾಗಿ ನೋಡೋದಿಲ್ಲ.

ಮೊನೋಕ್ಲೋನಲ್ ಪ್ರತಿಕಾಯದ, ಅಂದರೆ ಒಂದೇ ಹೈಬ್ರಿಡೋಮಾ ಕ್ಲೋನ್ ಮಾಡಿದ ಪ್ರತಿಕಾಯದ, ತೊಂದರೆಯೂ ಅದರ ಒಂಟಿತನದಲ್ಲೇ ಇದೆ. ಅದು ಗುರುತಿಸುವುದು ಒಂದೇ ಜಾಗ. ಅಲ್ಲಿಗೆ ಇನ್ನೊಂದು ಪ್ರೋಟೀನ್ ಬಂದು ಕೂತರೆ ಪ್ರತಿಕಾಯ ಅಂಟೋದಿಲ್ಲ. ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿ ಕುದಿಸಿದಾಗ ಆ ಜಾಗದ ಆಕಾರ ಕೆಟ್ಟರೆ, ಬ್ಲಾಟ್ ಖಾಲಿ. ಎಲೈಸಾದಲ್ಲಿ ಮಿಂಚಿದ ಕ್ಲೋನ್ ಬ್ಲಾಟ್‌ನಲ್ಲಿ ಸುಮ್ನೆ ಕೂತಿದ್ದನ್ನು ನೋಡಿದ್ದೇನೆ. ಬೇರೆ ಬೇರೆ ಜಾಗಕ್ಕೆ ಅಂಟುವ ಕೆಲವು ಕ್ಲೋನ್ ಇಟ್ಟುಕೊಳ್ಳಬೇಕು.

ಪ್ರೋಟೀನ್ ಇದೆಯಾ ಇಲ್ವಾ ಅಂತ ನೋಡೋಕಾದರೆ ಮೊಲವೇ ಸಾಕು. ಅದರ ಯಾವ ತುದಿ ಏನು ಮಾಡುತ್ತದೆ ಅಂತ ತಿಳಿಯೋಕೆ ಮೊನೋಕ್ಲೋನಲ್ಲೇ ಬೇಕು. ಆದರೆ ಟಿಗೆ ಹೊಸದಾಗಿ ಹೈಬ್ರಿಡೋಮಾ ಮಾಡೋಕೆ ಹೋಗಬೇಡಿ. ಪಿಎಬಿ419, ಪಿಎಬಿ101 ಪ್ರತಿಕಾಯ ಕೊಂಡುಕೊಳ್ಳಿ. ಯಾರೂ ಮುಟ್ಟದ ಪ್ರೋಟೀನ್ ಕೈಗೆ ಬಂದಾಗ ಬೆಸೆಯೋ ಕೆಲಸಕ್ಕೆ ಇಳಿಯಿರಿ.