ಕಟ್ಟಿದ ಲೋಕವನ್ನು ಎಲ್ಲಿಡುವುದು? ಫ್ಯಾಂಟಸಿ ಬರೆಯುವವರಿಗಾಗಿ ಅಬ್ಸಿಡಿಯನ್, ಸ್ಕ್ರಿವ್ನರ್, ಗೂಗಲ್ ಡಾಕ್ಸ್, ರೂಲ್ಡ್ ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಅಬ್ಸಿಡಿಯನ್‌ಗೆ, ಅಂದರೆ ಟಿಪ್ಪಣಿಗಳನ್ನು ಬರೆದು ಒಂದಕ್ಕೊಂದು ಕೊಂಡಿ ಹಾಕಿಡುವ ತಂತ್ರಾಂಶಕ್ಕೆ. ದುಡ್ಡು ಕೊಡಬೇಕಿಲ್ಲ, ಕಡತಗಳು ನಮ್ಮದೇ ಕಂಪ್ಯೂಟರಿನಲ್ಲಿ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದ ಹೆಸರುಗಳ ಗೋಜಲನ್ನು ಬಿಡಿಸಿಕೊಳ್ಳಲು ಇದರಲ್ಲಿ ದಾರಿ ಇದೆ. ಉಳಿದ ಮೂರರಲ್ಲೂ ಒಳ್ಳೆಯ ಗುಣಗಳಿವೆ, ಅವನ್ನೂ ಹೇಳುತ್ತೇನೆ.

ಫ್ಯಾಂಟಸಿಗೆ ಇಂಥದ್ದೊಂದು ಏಕೆ ಬೇಕು ಅಂದರೆ, ಸಾಮಾಜಿಕ ಕಾದಂಬರಿಯಲ್ಲಿ ಶಿವಮೊಗ್ಗ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಬೇಕಾಗಿಲ್ಲ. ನೀವೇ ಕಟ್ಟಿದ ನಾಡಿನಲ್ಲಿ ಪ್ರತಿ ಊರು, ನದಿ, ದೈವ, ನಾಣ್ಯ, ಮಂತ್ರದ ನಿಯಮ ಎಲ್ಲಕ್ಕೂ ಲೆಕ್ಕ ಬೇಕು. ಮೂರನೇ ಅಧ್ಯಾಯದಲ್ಲಿ ಎರಡು ದಿನದ ದಾರಿ ಅಂದದ್ದು ಹದಿನೆಂಟನೆಯದರಲ್ಲಿ ಅರ್ಧ ದಿನವಾದರೆ ಓದುಗರು ತಕ್ಷಣ ಹಿಡಿಯುತ್ತಾರೆ.

ಈ ಹೋಲಿಕೆಗೆ ಕಾರಣ, ಒಂದು ವರ್ಷದ ಚಂದಾ ಕಟ್ಟಿದ ಆನ್‌ಲೈನ್ ‘ಲೋಕ ಕಟ್ಟುವ’ ಸೇವೆ. ಹೆಸರು ಬೇಡ. ಅದರಲ್ಲಿ ಪ್ರತಿ ಊರಿಗೂ ಒಂದು ಉದ್ದನೆಯ ಫಾರ್ಮ್ ಇರುತ್ತದೆ: ಹವಾಮಾನ, ಜನಸಂಖ್ಯೆ, ಆಡಳಿತ, ಬಾವುಟ. ಫಾರ್ಮ್ ತುಂಬುವುದು ಖುಷಿ ಕೊಡುವ ಕೆಲಸ, ಅದೇ ಅದರ ಅಪಾಯ. ಬಾವುಟದ ಬಣ್ಣ ಗೊತ್ತಿರುತ್ತದೆ, ಕಥೆ ಒಂದು ಪುಟವೂ ಮುಂದೆ ಹೋಗಿರುವುದಿಲ್ಲ. ಚಂದಾ ಮುಗಿದ ಮೇಲೆ ಬರೆದದ್ದನ್ನು ಹೊರತೆಗೆದರೆ ವೆಬ್‌ಪುಟಗಳ ರಾಶಿ ಸಿಗುತ್ತದೆ, ಅದನ್ನು ಮತ್ತೆ ತಿದ್ದಿ ಬಳಸುವುದು ಹೊಸದಾಗಿ ಬರೆದಷ್ಟೇ ಕೆಲಸ. ಯಾವ ಸೇವೆಗಾದರೂ ಹಣ ಕಟ್ಟುವ ಮೊದಲು ಎರಡು ಪುಟ ಕನ್ನಡದಲ್ಲಿ ಬರೆದು, ಹೊರತೆಗೆದು, ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ.

ಈಗ ನಿಜವಾದ ತೊಡಕಿಗೆ ಬರೋಣ. ಇಂಗ್ಲಿಷಿನಲ್ಲಿ ಬರೆಯುವವರಿಗಾಗಿ ಮಾಡಿದ ಸಲಹೆಗಳಲ್ಲಿ ಇದು ಎಲ್ಲೂ ಸಿಗುವುದಿಲ್ಲ. ಅದು ವಿಭಕ್ತಿ.

ಅಬ್ಸಿಡಿಯನ್‌ನಲ್ಲಿ ಒಂದು ಹೆಸರಿನ ಸುತ್ತ ಎರಡೆರಡು ಚೌಕ ಆವರಣ ಹಾಕಿದರೆ ಅದು ಕೊಂಡಿಯಾಗುತ್ತದೆ. [[ಮೇಘಗಿರಿ]] ಎಂದರೆ ಮೇಘಗಿರಿಯ ಟಿಪ್ಪಣಿಗೆ ಕೊಂಡಿ. ‘ಮೇಘಗಿರಿಯಲ್ಲಿ’ ಎಂದು ಬೇಕಾದರೆ [[ಮೇಘಗಿರಿ]]ಯಲ್ಲಿ ಎಂದು ಪ್ರತ್ಯಯವನ್ನು ಹೊರಗಿಟ್ಟರಾಯಿತು, ಓದುವಾಗ ಕೂಡಿಯೇ ಕಾಣುತ್ತದೆ. ಆದರೆ ಊರಿನ ಹೆಸರು ‘ಮೇಘನಾಡು’ ಆಗಿದ್ದರೆ? ಮೇಘನಾಡಿನಲ್ಲಿ, ಮೇಘನಾಡಿಗೆ, ಮೇಘನಾಡನ್ನು. ‘ಡು’ ಉಳಿಯುವುದೇ ಇಲ್ಲ. ಆಗ [[ಮೇಘನಾಡು|ಮೇಘನಾಡಿನಲ್ಲಿ]] ಎಂದು ನಡುವೆ ಗೀಟು ಹಾಕಿ, ಗೀಟಿನ ಎಡಕ್ಕೆ ಟಿಪ್ಪಣಿಯ ಹೆಸರು, ಬಲಕ್ಕೆ ಕಾಣಬೇಕಾದ ರೂಪ ಬರೆಯಬೇಕು. ಮುಂದೆ ಊರಿನ ಹೆಸರು ಬದಲಾಯಿಸಿದರೆ ಅಬ್ಸಿಡಿಯನ್ ಎಡಭಾಗವನ್ನಷ್ಟೇ ತಾನಾಗಿ ತಿದ್ದುತ್ತದೆ. ಬಲಭಾಗದಲ್ಲಿ ಹಳೆಯ ಹೆಸರು ಹಾಗೇ ಕೂತಿರುತ್ತದೆ.

ಇದಕ್ಕೆ ಪರಿಹಾರ ಕನ್ನಡ ಲಿಪಿಯ ಯೂನಿಕೋಡ್ ರಚನೆಯಲ್ಲೇ ಇದೆ. ‘ಡು’ ಎಂಬುದು ಕಂಪ್ಯೂಟರಿಗೆ ಎರಡು ಸಂಕೇತ: ‘ಡ’ ಒಂದು, ಕೊಂಬು ಇನ್ನೊಂದು. ಹಾಗಾಗಿ ‘ಮೇಘನಾಡ’ ಎಂದು ಕೊನೆಯ ವ್ಯಂಜನದವರೆಗೆ ಮಾತ್ರ ಹುಡುಕಿದರೆ ಮೇಘನಾಡು, ಮೇಘನಾಡಿನ, ಮೇಘನಾಡೂ, ಮೇಘನಾಡೆಂದರೆ ಎಲ್ಲವೂ ಸಿಗುತ್ತವೆ. ‘ಪೂರ್ಣ ಪದ’ ಎಂಬ ಆಯ್ಕೆ ಎಲ್ಲಿದ್ದರೂ ಅದನ್ನು ಆಫ್ ಮಾಡಿಡಿ.

ಮೇಘನಾಡನ್ನು ಮೇಘಗಿರಿ ಮಾಡಬೇಕೆಂದುಕೊಳ್ಳಿ. ಎಲ್ಲ ರೂಪಗಳನ್ನು ನಾಲ್ಕೇ ಬದಲಾವಣೆಗಳಲ್ಲಿ ಮುಗಿಸಬಹುದು, ಆದರೆ ಇದೇ ಕ್ರಮದಲ್ಲಿ ಮಾಡಬೇಕು:

ಮೊದಲು ‘ಮೇಘನಾಡಿನ’ ಇದ್ದಲ್ಲಿ ‘ಮೇಘಗಿರಿಯ’.
ಆಮೇಲೆ ‘ಮೇಘನಾಡಿಗ’ ಇದ್ದಲ್ಲಿ ‘ಮೇಘಗಿರಿಗ’.
ಆಮೇಲೆ ‘ಮೇಘನಾಡು’ ಇದ್ದಲ್ಲಿ ‘ಮೇಘಗಿರಿ’.
ಕೊನೆಗೆ ಉಳಿದ ‘ಮೇಘನಾಡ’ ಇದ್ದಲ್ಲಿ ‘ಮೇಘಗಿರಿಯ’.

ಮೊದಲನೆಯದರಿಂದಲೇ ಮೇಘನಾಡಿನಲ್ಲಿ, ಮೇಘನಾಡಿನಿಂದ, ಮೇಘನಾಡಿನೊಳಗೆ, ಮೇಘನಾಡಿನವರು ಎಲ್ಲವೂ ಸರಿಯಾಗಿ ಮೇಘಗಿರಿಯಲ್ಲಿ, ಮೇಘಗಿರಿಯಿಂದ, ಮೇಘಗಿರಿಯೊಳಗೆ, ಮೇಘಗಿರಿಯವರು ಆಗುತ್ತವೆ. ‘ನ’ ಹೋಗಿ ‘ಯ’ ಬಂದು ಕೂತಾಗ ಹಿಂದಿನ ಗುಣಿತ ಚಿಹ್ನೆ ಹಾಗೇ ಅಂಟಿಕೊಳ್ಳುತ್ತದೆ. ಎರಡನೆಯದು ‘ಮೇಘನಾಡಿಗೆ’, ‘ಮೇಘನಾಡಿಗೂ’ ಎರಡನ್ನೂ ನೋಡಿಕೊಳ್ಳುತ್ತದೆ. ನಾಲ್ಕನೆಯದು ‘ಮೇಘನಾಡನ್ನು’, ‘ಮೇಘನಾಡೇ’ ಮುಂತಾದ ಅಳಿದುಳಿದವುಗಳಿಗೆ. ಕ್ರಮ ತಪ್ಪಿ ನಾಲ್ಕನೆಯದನ್ನು ಮೊದಲು ಮಾಡಿದರೆ ‘ಮೇಘಗಿರಿಯಿಗೆ’, ‘ಮೇಘಗಿರಿಯಿನಲ್ಲಿ’ ಎಂಬ ಅವತಾರಗಳು ಪುಸ್ತಕದ ತುಂಬ ಹರಡುತ್ತವೆ. ‘ಮೇಘನಾಡಿಗರು’ ಎಂಬ ಜನಾಂಗದ ಹೆಸರನ್ನೂ ಬಳಸಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಪ್ರತ್ಯೇಕವಾಗಿ ಬದಲಿಸಿ, ಇಲ್ಲವಾದರೆ ಎರಡನೇ ಹೆಜ್ಜೆಯಲ್ಲಿ ಅವರು ‘ಮೇಘಗಿರಿಗರು’ ಆಗಿಬಿಡುತ್ತಾರೆ.

ಅಬ್ಸಿಡಿಯನ್ ತಾನಾಗಿ ಒಂದು ಟಿಪ್ಪಣಿಯೊಳಗೆ ಮಾತ್ರ ಹುಡುಕಿ-ಬದಲಿಸುತ್ತದೆ, ಎಲ್ಲ ಕಡತಗಳಲ್ಲಿ ಒಟ್ಟಿಗೆ ಮಾಡುವುದಿಲ್ಲ. ಅದು ಕೊರತೆಯೇ. ಆದರೆ ಕಡತಗಳೆಲ್ಲ ಸಾದಾ ಪಠ್ಯ, ಬೇರೆ ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತವೆ. ಮೊದಲು ಅಬ್ಸಿಡಿಯನ್‌ನಲ್ಲೇ ಟಿಪ್ಪಣಿಯ ಹೆಸರು ಬದಲಿಸಿ, ಅಬ್ಸಿಡಿಯನ್ ಮುಚ್ಚಿ, ಇಡೀ ಫೋಲ್ಡರಿನ ಪ್ರತಿ ತೆಗೆದಿಡಿ. ಆಮೇಲೆ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಫೋಲ್ಡರ್ ತೆರೆದು ಕಂಟ್ರೋಲ್+ಶಿಫ್ಟ್+ಎಚ್ ಒತ್ತಿ ಮೇಲಿನ ನಾಲ್ಕು ಹೆಜ್ಜೆ ಮುಗಿಸಿ. ಗೀಟಿನ ಬಲಭಾಗದ ಹಳೆಯ ರೂಪಗಳೂ ಇದರಲ್ಲೇ ತಿದ್ದಿಹೋಗುತ್ತವೆ. ಕೊನೆಗೆ ‘ಮೇಘನಾಡ’ ಎಂದು ಇನ್ನೊಮ್ಮೆ ಹುಡುಕಿ, ಸೊನ್ನೆ ಬಂದರೆ ಮುಗಿಯಿತು.

ಆವರಣದ ಕೀಲಿ ಇನ್ನೊಂದು ಕಿರಿಕಿರಿ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬರೆಯುವವರಿಗೆ ಚೌಕ ಆವರಣದ ಕೀಲಿ ಒತ್ತಿದರೆ ‘ಡ’ ಬರುತ್ತದೆ. ಪ್ರತಿ ಕೊಂಡಿಗೂ ಇಂಗ್ಲಿಷಿಗೆ ಹೋಗಿ ಬರಬೇಕು. ಕಗಪ ವಿನ್ಯಾಸ, ಅಂದರೆ ನುಡಿ ತಂತ್ರಾಂಶ ಬಳಸಿದವರಿಗೆ ರೂಢಿಯಾದದ್ದು, ಇಂಗ್ಲಿಷ್ ಅಕ್ಷರಗಳ ಕೀಲಿಗಳನ್ನಷ್ಟೇ ತೆಗೆದುಕೊಳ್ಳುವುದರಿಂದ ಈ ತೊಂದರೆ ಇಲ್ಲ. ಫೋನಿನ ಅಬ್ಸಿಡಿಯನ್‌ನಲ್ಲಿ ಕೀಲಿಮಣೆಯ ಮೇಲಿನ ಪಟ್ಟಿಯಲ್ಲೇ ಕೊಂಡಿಯ ಗುಂಡಿ ಇದೆ.

ಕೊಂಡಿಗಳನ್ನು ಲೋಕದ ಟಿಪ್ಪಣಿಗಳಲ್ಲಿ ಮಾತ್ರ ಹಾಕಿ, ಕಥೆಯ ಅಧ್ಯಾಯಗಳಲ್ಲಿ ಬೇಡ. ಅಧ್ಯಾಯವನ್ನು ವರ್ಡ್ ಕಡತ ಮಾಡಲು ಪ್ಯಾನ್‌ಡಾಕ್ ಎಂಬ, ಕಡತದ ರೂಪ ಬದಲಿಸುವ ತಂತ್ರಾಂಶ ಬಳಸಿದಾಗ ಈ ಆವರಣಗಳು ಹಾಗೇ ಉಳಿದು ಬರಬಹುದು, ಅಷ್ಟನ್ನೂ ಅಳಿಸುತ್ತ ಕೂರಬೇಕಾಗುತ್ತದೆ. ಅಬ್ಸಿಡಿಯನ್ ತಾನಾಗಿ ಕೊಡುವುದು ಪಿಡಿಎಫ್ ಮಾತ್ರ. ಅಧ್ಯಾಯಗಳಿಗೆ 010, 020, 030 ಎಂದು ಹತ್ತರ ಅಂತರದಲ್ಲಿ ಹೆಸರಿಡಿ. ನಡುವೆ ಹೊಸ ಅಧ್ಯಾಯ ಬಂದರೆ 025 ಅಂದರಾಯಿತು.

ಹೆಸರು ಹುಟ್ಟಿಸುವ ಹೊತ್ತಿನಲ್ಲೇ ಈ ವಿಭಕ್ತಿಯನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ. ‘ಎಲ್ದೋರ್’ ಥರದ ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರುಗಳು ಕನ್ನಡದಲ್ಲಿ ಬಹಳ ಕಾಟ ಕೊಡುತ್ತವೆ. ಎಲ್ದೋರ್‌ನ, ಎಲ್ದೋರನ, ಎಲ್ದೋರಿನ, ನೀವೇ ಮೂರು ಬಗೆಯಲ್ಲಿ ಬರೆದಿರುತ್ತೀರಿ. ಮೊದಲನೆಯದರಲ್ಲಿ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ. ಅದಿರುವ ರೂಪ, ಇಲ್ಲದ ರೂಪ ಎರಡೂ ಪುಸ್ತಕದಲ್ಲಿ ಸೇರಿಕೊಂಡರೆ ಒಂದನ್ನು ಹುಡುಕಿದಾಗ ಇನ್ನೊಂದು ಸಿಗುವುದಿಲ್ಲ. ಅ, ಇ, ಎ ಕಾರಗಳಲ್ಲಿ ಮುಗಿಯುವ ಹೆಸರು ಇಟ್ಟರೆ ಮೂಲರೂಪ ಅಳಿಯದೆ ಪ್ರತ್ಯಯ ಸುಮ್ಮನೆ ಸೇರಿಕೊಳ್ಳುತ್ತದೆ.

ಅಂಥ ಹೆಸರುಗಳಿಗೆ ದೂರ ಹೋಗಬೇಕಿಲ್ಲ. ನಮ್ಮ ಊರುಗಳ ಹೆಸರಿನ ಕೊನೆ ನೋಡಿ: ಕೆರೆ, ಗೆರೆ, ಹಳ್ಳಿ, ಕೊಪ್ಪ, ಗುಂದ, ಮಂಗಲ, ವಾಡಿ. ಎಲ್ಲವೂ ಅ, ಇ, ಎ. ಕಥೆಯ ಒಂದೊಂದು ಜನಾಂಗಕ್ಕೆ ಇವುಗಳಲ್ಲಿ ಒಂದೊಂದನ್ನು ಮೀಸಲಿಟ್ಟರೆ ಹೆಸರು ಕೇಳಿದೊಡನೆ ಓದುಗರಿಗೆ ಗಡಿ ಗೊತ್ತಾಗುತ್ತದೆ. ಶಾಸನಗಳಲ್ಲಿ ನಾಡುಗಳಿಗೆ ಅಂಕಿ ಸೇರಿಸುವ ರೂಢಿಯಂತೂ ಫ್ಯಾಂಟಸಿ ಬರೆಯುವವರಿಗೆ ನಿಧಿ: ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಬೆಳ್ವೊಲ 300. ಆ ಅಂಕಿ ಹಳ್ಳಿಗಳದ್ದೋ ಆದಾಯದ್ದೋ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ನಿಮ್ಮ ಲೋಕದಲ್ಲಿ ಅದು ಯೋಧರ ಲೆಕ್ಕವಾಗಲಿ, ಸತ್ತವರ ಲೆಕ್ಕವಾಗಲಿ, ಅದರಿಂದಲೇ ಒಂದು ಕಥೆ ಹುಟ್ಟುತ್ತದೆ. ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಶಾಸನ ಸಂಪುಟಗಳೂ 1894ರ ಕಿಟೆಲ್ ನಿಘಂಟೂ ಇಂಟರ್ನೆಟ್ ಆರ್ಕೈವ್ (archive.org) ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆನ್‌ಲೈನ್ ಹೆಸರು-ಜನರೇಟರ್‌ಗಳಿಂದ ಬರುವ ಹೆಸರುಗಳಿಗಿಂತ ವೀರಗಲ್ಲಿನ ಒಂದು ಸಾಲು ಎಷ್ಟೋ ಮೇಲು.

ಇನ್ನು ಸ್ಕ್ರಿವ್ನರ್, ಉದ್ದನೆಯ ಬರವಣಿಗೆಗೆಂದೇ ಮಾಡಿದ ತಂತ್ರಾಂಶ. ದೊಡ್ಡ ಕಾದಂಬರಿಯ ಅಧ್ಯಾಯಗಳನ್ನು ಎಳೆದು ಹಿಂದೆಮುಂದೆ ಮಾಡುವುದರಲ್ಲಿ ಇದರ ಸಮಕ್ಕೆ ಯಾವುದೂ ಇಲ್ಲ. ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯದಲ್ಲಿ ಒಂದು ದೃಶ್ಯದ ಹಳೆಯ ಆವೃತ್ತಿ ಪಕ್ಕದಲ್ಲೇ ಉಳಿಯುತ್ತದೆ. ಬೆಲೆ ಸುಮಾರು 60 ಡಾಲರ್, ಒಂದೇ ಸಲ. ಅಂದರೆ ಐದು ಸಾವಿರ ರೂಪಾಯಿಯ ಆಸುಪಾಸು, ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಬೇರೆ ಬೇರೆ ಪರವಾನಗಿ. 30 ದಿನದ ಪ್ರಯೋಗಾವಧಿಯಲ್ಲಿ ತೆರೆದ ದಿನಗಳನ್ನು ಮಾತ್ರ ಎಣಿಸುತ್ತಾರೆ, ವಾರಕ್ಕೆರಡು ದಿನ ಬರೆಯುವವರಿಗೆ ಅದು ಮೂರು ತಿಂಗಳು ಮೀರಿ ಬರುತ್ತದೆ. ಆಂಡ್ರಾಯ್ಡ್ ಆವೃತ್ತಿ ಇಲ್ಲ. ಕಡತಗಳು ಒಳಗೆ ಆರ್‌ಟಿಎಫ್ ರೂಪದಲ್ಲಿರುತ್ತವೆ. ಅದರಲ್ಲಿ ಪ್ರತಿ ಕನ್ನಡ ಅಕ್ಷರವೂ ಒಂದು ಅಂಕಿಯಾಗಿ ಕೂರುತ್ತದೆ, ‘ಕ’ ಅಂದರೆ 3221. ಸ್ಕ್ರಿವ್ನರ್ ಇಲ್ಲದ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದರೆ ಕಥೆಯ ಬದಲು ಅಂಕಿಗಳ ಸಾಲು ಕಾಣುತ್ತದೆ, ವಿಎಸ್ ಕೋಡ್‌ನಲ್ಲಿ ಹೆಸರು ಹುಡುಕಲು ಬರುವುದಿಲ್ಲ. ಅದರದೇ ಪ್ರಾಜೆಕ್ಟ್ ರಿಪ್ಲೇಸ್ ಇದೆ, ಎಲ್ಲ ಅಧ್ಯಾಯಗಳಲ್ಲಿ ಒಟ್ಟಿಗೆ ಬದಲಿಸುತ್ತದೆ. ಆದರೆ ಮಾಡಿದ್ದನ್ನು ಹಿಂತೆಗೆಯಲು ಆಗುವುದಿಲ್ಲ. ಮೇಲಿನ ನಾಲ್ಕು ಹೆಜ್ಜೆಗಳಲ್ಲಿ ಒಂದರ ಕ್ರಮ ತಪ್ಪಿದರೂ ಬ್ಯಾಕಪ್‌ನಿಂದಲೇ ಮತ್ತೆ ಆರಂಭಿಸಬೇಕು.

ಗೂಗಲ್ ಡಾಕ್ಸ್: ಮೊದಲ ಕರಡಿಗೆ ಚೆನ್ನ. ಕನ್ನಡದಲ್ಲಿ ಮಾತಾಡಿ ಬರೆಸಬಹುದು, ಗೆಳೆಯರು ಬದಿಯಲ್ಲಿ ಅಭಿಪ್ರಾಯ ಬರೆಯಬಹುದು. 2024ರಲ್ಲಿ ಬಂದ ಟ್ಯಾಬ್‌ಗಳಿಂದ ಅಧ್ಯಾಯಗಳನ್ನು ಒಂದೇ ಕಡತದಲ್ಲಿ ಇಡುವುದು ಸುಲಭವಾಗಿದೆ. ಲೋಕದ ಟಿಪ್ಪಣಿಗಳಿಗೆ ಮಾತ್ರ ಬೇಡ. ಯಾವ ಊರು ಯಾವ ಯಾವ ಟಿಪ್ಪಣಿಯಲ್ಲಿ ಬಂದಿದೆ ಎಂಬ ಹಿಮ್ಮುಖ ಕೊಂಡಿ ಅಲ್ಲಿ ಸಿಗುವುದಿಲ್ಲ, ಅಬ್ಸಿಡಿಯನ್‌ನಲ್ಲಿ ತಾನಾಗಿ ಸಿಗುತ್ತದೆ.

ರೂಲ್ಡ್ ಪುಸ್ತಕವನ್ನು ಕೈಬಿಡಬೇಡಿ, ನಕ್ಷೆಗೆ ಅದೇ ಸರಿ. ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ ಒಂದು ಹರದಾರಿ, ಅಂದರೆ ಸುಮಾರು 3 ಮೈಲಿ ಎಂದು ಹಿಡಿದು ಪೆನ್ಸಿಲಿನಲ್ಲಿ ಬರೆಯಿರಿ. ಸಮತಟ್ಟು ದಾರಿಯಲ್ಲಿ ನಡೆಯುವವರು ದಿನಕ್ಕೆ ಐದು ಹರದಾರಿ, ಎತ್ತಿನಗಾಡಿ ನಾಲ್ಕು, ಘಟ್ಟ ಹತ್ತುವಾಗ ಇದರ ಅರ್ಧ. ಈ ಮೂರು ಅಂಕಿಗಳನ್ನು ನಕ್ಷೆಯ ಮೂಲೆಯಲ್ಲೇ ಬರೆದಿಟ್ಟರೆ ಪಯಣದ ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಮೊದಲು ನದಿ, ಬೆಟ್ಟ, ಆಮೇಲೆ ಊರು. ಊರನ್ನು ಮೊದಲು ಇಟ್ಟರೆ ನೀರಿಲ್ಲದ ಜಾಗದಲ್ಲಿ ರಾಜಧಾನಿ ಬಂದು ಕೂರುತ್ತದೆ. ಬರೆದಾದ ಮೇಲೆ ಫೋಟೊ ತೆಗೆದು ಅಬ್ಸಿಡಿಯನ್‌ಗೆ ಹಾಕಿ.

ಯಾವುದರಲ್ಲಿ ಬರೆದರೂ ಕೊನೆಗೆ ವರ್ಡ್ ಅಥವಾ ಲಿಬ್ರೆಆಫೀಸ್ ಮೂಲಕವೇ ಪ್ರಕಾಶಕರ ಮನೆಗೆ ಹೋಗಬೇಕು. ಕೆಲವು ಕಡೆ ಇನ್ನೂ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಪುಟ ಕಟ್ಟುತ್ತಾರೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳಿರುತ್ತವೆ. ಹಾಗಾಗಿ ಪರಿವರ್ತನೆಯಲ್ಲಿ ಉದ್ಧರಣ ಚಿಹ್ನೆ, ಉದ್ದಗೆರೆ, ಮತ್ತೆ ಆ ಕಾಣದ ಸಂಕೇತ ಇರುವ ಪದಗಳು ಕೆಡುವ ಸಾಧ್ಯತೆ ಹೆಚ್ಚು. ಹಳಗನ್ನಡದ ಸೊಗಸಿಗೆಂದು ಱ, ೞ ಬಳಸಿದ್ದರೆ ಪ್ರಕಾಶಕರಿಗೆ ಮೊದಲೇ ತಿಳಿಸಿ. ಲೋಕದ ಎಲ್ಲ ಹೆಸರುಗಳ ಪಟ್ಟಿಯೊಂದನ್ನು ಜೊತೆಗೆ ಕಳಿಸಿದರೆ ಕರಡು ತಿದ್ದುವವರಿಗೆ ದೊಡ್ಡ ಉಪಕಾರ. ಅಬ್ಸಿಡಿಯನ್‌ನಲ್ಲಿ ‘ಹೆಸರುಗಳು’ ಎಂಬ ಫೋಲ್ಡರ್ ಇಟ್ಟಿದ್ದರೆ ಆ ಪಟ್ಟಿ ಆಗಲೇ ಸಿದ್ಧವಿರುತ್ತದೆ.

ನನ್ನದು ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್, ಬರವಣಿಗೆಗೆಂದು ತಿಂಗಳಿಗೆ ದುಡ್ಡು ಕಟ್ಟುವ ಮನಸ್ಸಿಲ್ಲ. ಅದಕ್ಕೇ ಅಬ್ಸಿಡಿಯನ್. ಲ್ಯಾಪ್‌ಟಾಪ್, ಫೋನ್ ಎರಡರಲ್ಲೂ ಕಡತಗಳನ್ನು ಒಂದೇ ಥರ ಇಡುವ, ಹಣ ಕೊಟ್ಟು ಪಡೆಯಬೇಕಾದ ಅದರ ಸಿಂಕ್ ಸೇವೆ ಕೂಡ ಬೇಡವೆನಿಸಿದೆ. ಭಾನುವಾರ ಫೋಲ್ಡರನ್ನು ಜಿಪ್ ಮಾಡಿ ಪೆನ್‌ಡ್ರೈವಿಗೊಂದು, ಗೂಗಲ್ ಡ್ರೈವ್‌ಗೊಂದು ಪ್ರತಿ. ಮ್ಯಾಕ್, ಐಫೋನ್ ಎರಡೂ ಇದ್ದು, ಲೋಕಕ್ಕಿಂತ ಅಧ್ಯಾಯಗಳ ಜೋಡಣೆಯೇ ತಲೆನೋವಾಗಿರುವವರು ಸ್ಕ್ರಿವ್ನರ್‌ನ 30 ದಿನ ನೋಡಿ. ಆಗಲೂ ಹೆಸರುಗಳ ಟಿಪ್ಪಣಿಯನ್ನು ಸಾದಾ ಪಠ್ಯದಲ್ಲೇ ಬೇರೆ ಇಟ್ಟುಕೊಳ್ಳಿ.